ಮೊದಲು ಬ್ರೇಕು, ಆಮೇಲೆ ಬಾನೆಟ್ಟು

ಕಟ್ಟು ಮಗಾ, ಧೈರ್ಯವಾಗಿ ಕಟ್ಟು. ಹೊಳಲ್ಕೆರೆಯಲ್ಲಿ ಮನೆ ಹಿಂದಿನ ಅಡಿಕೆ ಶೆಡ್ಡನ್ನೇ ಗ್ಯಾರೇಜು ಮಾಡಿಕೊಂಡು ಹಳೇ ಕಾಲದ ಸ್ಪೀಡ್‌ಸ್ಟರ್ ಮಾದರಿಯ ಕಾರೊಂದನ್ನು ಕೈಯಾರೆ ಕಟ್ಟುತ್ತೇನೆ ಅಂತ ನೀನು ಹೊರಟ ಮೇಲೆ ನಿಮ್ಮಮ್ಮ ನನಗೆ ಫೋನು ಮಾಡಿ, ‘ಭಾವ, ನೀವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಹೇಳಿ’ ಅಂದಳು. ಹೇಳುತ್ತೇನೆ. ಆದರೆ ಬೇಡ ಅನ್ನುವ ಮಾತು ಅದರಲ್ಲಿ ಇರುವುದಿಲ್ಲ. ಚಿತ್ರದುರ್ಗದ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ಐಟಿಐ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ ನಿವೃತ್ತನಾದವನು ನಾನು. ಕೈಯಿಂದ ಏನನ್ನಾದರೂ ಮಾಡಬೇಕು ಅನ್ನುವ ಹುಡುಗನಿಗೆ ಬೇಡ ಅಂದರೆ ನಾನು ಕಲಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಹಿರಿಯೂರು, ಹೊಸದುರ್ಗದ ಕಡೆಯ ಹುಡುಗ ಹುಡುಗಿಯರೂ ಇಂಥದ್ದೇ ಆಸೆ ಹೊತ್ತು ವಿಚಾರಿಸುತ್ತಿರುತ್ತಾರೆ. ಇದು ನಿನಗೆ ಬರೆದದ್ದಾದರೂ ಅವರೂ ಓದಲಿ.

ನೀನು ಮರುಳಾಗಿರುವುದು ಚಿತ್ರ ನೋಡಿ. ಉದ್ದನೆಯ ಬಾನೆಟ್ಟು, ಬಾಗಿಲಿಲ್ಲದ ಎರಡು ಸೀಟು, ಡ್ರೈವರ್ ಮುಂದೆ ಒಂದೇ ಒಂದು ದುಂಡು ಗಾಜು, ಸೀಟಿನ ಹಿಂದೆ ಅಡ್ಡ ಮಲಗಿಸಿದ ಪೀಪಾಯಿ ಆಕಾರದ ಪೆಟ್ರೋಲ್ ಟ್ಯಾಂಕು, ಅದರ ಬೆನ್ನಿಗೆ ಬಿಗಿದ ಸ್ಟೆಪ್ನಿ. ಚೆಂದವೇ, ಅಲ್ಲ ಅನ್ನುವುದಿಲ್ಲ. 1910ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮರ್ಸರ್ ರೇಸ್‌ಅಬೌಟ್, ಸ್ಟಟ್ಜ್ ಬೇರ್‌ಕ್ಯಾಟ್ ಅಂತ ಕಾರುಗಳು ಬಂದವಲ್ಲ, ಆ ರೂಪ ಅಲ್ಲಿಂದ ಬಂದದ್ದು. ಅವು ಸಿರಿವಂತರ ಕಾರುಗಳು. ನಿನಗೆ ನಿಜವಾದ ಪೂರ್ವಿಕರು ಅವರಲ್ಲ, ಬಡ ರೈತರ ಮಕ್ಕಳು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿ ಮಾರಿತು. ಹಳೆಯವು ಗುಜರಿ ಬೆಲೆಗೆ ಸಿಗತೊಡಗಿದಾಗ ಹಳ್ಳಿ ಹುಡುಗರು ಮೇಲಿನ ಬಾಡಿ ಕಿತ್ತು ಹಾಕಿ, ಎರಡು ಸೀಟು ಬಿಗಿದು, ಸ್ಟೀರಿಂಗ್ ಹಿಂದಕ್ಕೆ ಬಾಗಿಸಿ, ಸಿಕ್ಕಿದ ತಗಡಿನಲ್ಲಿ ಬಾಲ ಕಟ್ಟಿ ಓಡಿಸಿದರು. ಎಂಜಿನ್ನಿನ ಕಸುವು ಬರೀ 20 ಅಶ್ವಶಕ್ತಿ. ಭಾರ ಇಳಿಸಿದ್ದರಿಂದಲೇ ವೇಗ ಬಂತು. ಕೈಯಲ್ಲಿ ಕಾಸಿದ್ದವರು ಷೆವ್ರೊಲೆ ಸಹೋದರರ ಫ್ರಾಂಟೆನಾಕ್ ಸಿಲಿಂಡರ್ ಹೆಡ್ ತಂದು ಕೂರಿಸಿದರು.

ಈ ಕಾರಿನ ಇನ್ನೊಂದು ಮುಖವನ್ನೂ ನೋಡು. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಪಂಪು ಇರಲಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲು ತಾನಾಗಿ ಇಳಿದು ಬರಬೇಕಿತ್ತು. ಟ್ಯಾಂಕಿನಲ್ಲಿ ತಳ ಕಾಣುತ್ತಿರುವಾಗ ಕಡಿದಾದ ಏರು ಬಂದರೆ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಜನ ಕಾರು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು. ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ಕಾಲಿನ ಬ್ರೇಕು ಹಿಡಿಯುತ್ತಿದ್ದದ್ದು ಗೇರುಪೆಟ್ಟಿಗೆಯೊಳಗಿನ ಒಂದು ಪಟ್ಟಿಯನ್ನು. ಆ ಕಾಲದ ಅಂದ ತೆಗೆದುಕೋ ಮಗಾ, ಆ ಕಾಲದ ಬ್ರೇಕು ತೆಗೆದುಕೊಳ್ಳಬೇಡ.

ಇದೆಲ್ಲ ಹೊರದೇಶದ ಮಾತಾಯಿತು ಅನ್ನಬೇಡ. ಕಾರು ಕಟ್ಟುವ ಹಟ ನಮ್ಮ ನಾಡಿಗೂ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1930ರ ದಶಕದಲ್ಲಿ, ಮೋಟಾರು ಕಾರ್ಖಾನೆ ನಮ್ಮಲ್ಲೂ ಆಗಬೇಕೆಂದು ಯೂರೋಪು ಅಮೆರಿಕ ಸುತ್ತಿ ಯೋಜನೆ ಬರೆದರು. ಎಪ್ಪತ್ತು ದಾಟಿದ ವಯಸ್ಸು ಅವರದು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತ್ತು, ಬಂಡವಾಳಕ್ಕೆ ವಾಲ್‌ಚಂದ್ ಹೀರಾಚಂದ್ ಇದ್ದರು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಬೆಂಗಳೂರಿಗೆ ಅದೇ ವಾಲ್‌ಚಂದರ ವಿಮಾನ ಕಾರ್ಖಾನೆ ಬಂತು, ಈಗಿನ ಎಚ್‌ಎಎಲ್. ಅವರ ಮೋಟಾರು ಕಾರ್ಖಾನೆ ಮುಂಬಯಿಯ ಪಾಲಾಯಿತು. ಗಡಿಯಾಚೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ‘ಮೀರಾ’ ಅನ್ನುವ ಪುಟ್ಟ ಕಾರನ್ನು ಸ್ವಂತ ಬುದ್ಧಿಯಿಂದ ಕಟ್ಟಿ, ವರ್ಷಗಟ್ಟಲೆ ಒಂದಾದ ಮೇಲೊಂದು ಮಾದರಿ ಓಡಿಸಿ ತೋರಿಸಿದರು. ದೊಡ್ಡ ತಯಾರಿಕೆಗೆ ಅದು ಹೋಗಲೇ ಇಲ್ಲ. ಬೆಂಗಳೂರಿನ ಸಿಪಾನಿಯವರು 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಗಾಡಿ ಮಾಡಿದರು. ಆಮೇಲೆ 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದಲ್ಲಿ ಫೈಬರ್‌ಗ್ಲಾಸ್ ಮೈಯ ‘ಡಾಲ್ಫಿನ್’ ತಂದರು. ಎಂಜಿನ್ ಬರೀ 848 ಸಿಸಿ. ಮೈ ಹಗುರ ಇದ್ದದ್ದಕ್ಕೇ ರ‍್ಯಾಲಿ ಓಡಿಸುವವರು ಅದನ್ನು ಮೆಚ್ಚಿಕೊಂಡಿದ್ದರು. ಮರುವರ್ಷದ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಕಣ್ಮರೆಯಾಯಿತು.

ಇಷ್ಟನ್ನೂ ಹೇಳಿದ್ದು ಯಾಕೆಂದರೆ, ನಮ್ಮ ಊರುಗಳ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಹಗಲೂ ರಾತ್ರಿ ಹರಿಯುತ್ತದೆ. ಅದರ ಮೇಲೆ ಹೋಗುವ ಲಕ್ಷಾಂತರ ಗಾಡಿಗಳಿಗೆ ನಾವು ಪಂಚರ್ ಹಾಕಿದ್ದೇವೆ, ಪ್ಲೇಟು ಬದಲಿಸಿದ್ದೇವೆ, ಬಾಡಿ ಕಟ್ಟಿದ್ದೇವೆ. ಒಂದು ಗಾಡಿಯನ್ನು ಮೊದಲಿಂದ ಕೊನೆಯವರೆಗೆ ‘ಇದು ಹೀಗೇ ಯಾಕೆ ಇದೆ’ ಅಂತ ಕೇಳಿಕೊಂಡು ಕಟ್ಟಿದವರು ಕಡಿಮೆ. ರಿಪೇರಿ ಮಾಡುವವನು ಕೆಟ್ಟದ್ದನ್ನು ಬದಲಿಸುತ್ತಾನೆ. ಕಟ್ಟುವವನು ಪ್ರತಿ ಬೋಲ್ಟಿಗೂ ಕಾರಣ ಕೊಡಬೇಕಾಗುತ್ತದೆ. ಆ ವಿದ್ಯೆ ನಿನಗೆ ಬರಲಿ ಅನ್ನುವುದು ನನ್ನ ಆಸೆ.

ಈಗ ನಿನಗೆ ಹಿಡಿಸದ ಮಾತು. ನೀನು ಕಟ್ಟಿದ ಕಾರು ರಸ್ತೆಗೆ ಇಳಿಯುವಂತಿಲ್ಲ. ಇದನ್ನು ಮೊದಲ ದಿನವೇ ಮನಸ್ಸಿಗೆ ಹಾಕಿಕೋ, ಆಮೇಲೆ ಕಾನೂನನ್ನು ಬೈಯುತ್ತಾ ಕೂರಬೇಡ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಹಾಗಿಲ್ಲ. ಹೊಸ ಮಾದರಿಗೆ ನೋಂದಣಿ ಬೇಕಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಆ ದಾರಿ ಇರುವುದು ಗಾಡಿ ತಯಾರಿಸುವ ಕಂಪನಿಗಳಿಗೆ, ಮನೆಯಲ್ಲಿ ಒಂದೇ ಒಂದು ಕಾರು ಕಟ್ಟುವವನಿಗಲ್ಲ. ‘ಹಳೇ ಜೀಪಿನ ಆರ್‌ಸಿ ಇದೆಯಲ್ಲ ದೊಡ್ಡಪ್ಪ, ಅದರ ಮೇಲೆಯೇ ಓಡಿಸುತ್ತೇನೆ’ ಅನ್ನುತ್ತೀಯ. ಅದೂ ಆಗದು. ಕಂಪನಿ ಕೊಟ್ಟ ಮೂಲ ರೂಪವನ್ನು ಬದಲಿಸಬಾರದು ಅಂತ ಅದೇ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ವಿಂಟೇಜ್’ ಅಂತ ನೋಂದಾಯಿಸಬಹುದಲ್ಲ ಅಂತ ಯಾರೋ ಹೇಳಿದರಂತೆ. 2021ರಲ್ಲಿ ಆ ನಿಯಮ ಬಂದದ್ದು ನಿಜ, ನಂಬರಿನಲ್ಲಿ ‘ವಿಎ’ ಅಂತ ಅಕ್ಷರವೂ ಬರುತ್ತದೆ. ಆದರೆ ಅದು ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗಳಿಗೆ. ನಿನ್ನ ಕಾರು 1915ರದ್ದರ ಹಾಗೆ ಕಂಡರೂ ಹುಟ್ಟಿದ್ದು ಈಗ.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರ್ ಅವರ ಕಥೆ ಕೇಳಿರುತ್ತೀಯ. ಗುಜರಿ ಸಾಮಾನಿನಿಂದ, ಸುಮಾರು 60,000 ರೂಪಾಯಿಯಲ್ಲಿ, ಕಿಕ್ಕರ್ ಒದ್ದು ಚಾಲೂ ಮಾಡುವ ನಾಲ್ಕು ಚಕ್ರದ ಗಾಡಿ ಕಟ್ಟಿದರು. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರ ಅವರು ಅದನ್ನು ಮೆಚ್ಚಿ ಬರೆಯುವಾಗಲೇ, ಇದು ನಿಯಮಕ್ಕೆ ಹೊಂದುವುದಿಲ್ಲ, ಅಧಿಕಾರಿಗಳು ಇವತ್ತಲ್ಲ ನಾಳೆ ತಡೆಯುತ್ತಾರೆ ಅಂತಲೂ ಬರೆದರು. ಆ ಗಾಡಿಗೆ ಬದಲಾಗಿ ಒಂದು ಬೊಲೆರೊ ಕೊಟ್ಟರು. ಎಲ್ಲರಿಗೂ ಬೊಲೆರೊ ಸಿಗುವುದಿಲ್ಲ, ಕಣಪ್ಪ. ಸಾಮಾನ್ಯವಾಗಿ ಸಿಗುವುದು ನೋಟಿಸು. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ನೋಂದಣಿ ಇಲ್ಲದ ಗಾಡಿಗೆ ವಿಮೆ ಇಲ್ಲ. ಯಾರಿಗಾದರೂ ತಾಗಿ ಕೈಕಾಲು ಹೋದರೆ, ಜೀವ ಹೋದರೆ, ಪರಿಹಾರ ನಿಮ್ಮಪ್ಪನ ತೋಟದ ಮೇಲೆ ಬಂದು ಕೂರುತ್ತದೆ.

‘ಹೆದ್ದಾರಿಗೆ ಹೋಗಲ್ಲ, ಜೋಗಿಮಟ್ಟಿ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಸುತ್ತು’ ಅನ್ನುವ ಆಸೆ ಬರುತ್ತದೆ. ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಅಂದರೆ ಜನರಿಗೆ ಹೋಗಿಬರುವ ಹಕ್ಕಿರುವ ಎಲ್ಲ ಜಾಗವೂ ಸೇರಿತು. ಜೋಗಿಮಟ್ಟಿ ರಸ್ತೆ, ಮಾರಿಕಣಿವೆ ದಾರಿ, ಜಾತ್ರೆ ಮೈದಾನ, ಎಲ್ಲವೂ. ಹೆದ್ದಾರಿಯ ಮಾತಂತೂ ಎತ್ತಲೇಬೇಡ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅವರನ್ನು ನಾವು ಕಳೆದುಕೊಂಡದ್ದು ಇದೇ ರಸ್ತೆಯಲ್ಲಿ, ದುರ್ಗ ದಾಟಿ ದಾವಣಗೆರೆಗೆ ಮುಂಚೆ ಸಿಗುವ ಆನಗೋಡಿನ ಹತ್ತಿರ. ಅವರು ಕೂತಿದ್ದದ್ದು ಕಾರ್ಖಾನೆಯಲ್ಲಿ ತಯಾರಾದ ಮುಚ್ಚಿದ ಕಾರಿನಲ್ಲಿ. ನಿನ್ನದಕ್ಕೆ ಬಾಗಿಲೂ ಇಲ್ಲ, ಮಾಡೂ ಇಲ್ಲ.

ಹಾಗಾದರೆ ಯಾಕೆ ಕಟ್ಟಬೇಕು? ನಿಮ್ಮದೇ ಜಮೀನಿನಲ್ಲಿ, ಬೇಲಿಯೊಳಗೆ, ಓಡಿಸುವುದಕ್ಕೆ. ಕಲಿಯುವುದಕ್ಕೆ. ಇಂಗ್ಲೆಂಡಿನಲ್ಲಿ 1948ರಲ್ಲಿ ಕಾಲಿನ್ ಚಾಪ್‌ಮನ್ ಅನ್ನುವ ಹುಡುಗ ತನ್ನ ಗೆಳತಿಯ ಮನೆ ಹಿಂದಿನ ಗ್ಯಾರೇಜಿನಲ್ಲಿ ಹಳೇ ಆಸ್ಟಿನ್ ಸೆವೆನ್ ಬಿಚ್ಚಿ, ಪ್ಲೈವುಡ್ಡು ತಗಡು ಹೊದಿಸಿ ಒಂದು ಕಾರು ಕಟ್ಟಿದ. ಅದೇ ಮೊದಲ ಲೋಟಸ್. ಕೊಯಮತ್ತೂರಿನ ಕರಿವರ್ಧನ್ ತಮ್ಮ ವರ್ಕ್‌ಶಾಪಿನಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿ, ನಮ್ಮ ದೇಶದ ಎಷ್ಟೋ ಹುಡುಗರಿಗೆ ಕಡಿಮೆ ಖರ್ಚಿನಲ್ಲಿ ರೇಸ್ ಕಲಿಯುವ ದಾರಿ ಮಾಡಿಕೊಟ್ಟರು. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇಗೆ ಇಟ್ಟಿರುವುದು ಅವರದೇ ಹೆಸರು. ಅವರಿಬ್ಬರೂ ಮೊದಲು ಕಲಿತದ್ದು ತೆಳ್ಳಗೆ, ಹಗುರಾಗಿ, ಲೆಕ್ಕ ಹಾಕಿ ಕಟ್ಟುವುದನ್ನು.

ಕೆಲಸಕ್ಕೆ ಬರೋಣ. ಗುಜರಿ ಅಂಗಡಿಗೆ ಹೋಗುವ ಮುಂಚೆ ಕಾಗದ ನೋಡು. ಆರ್‌ಸಿ ಇಲ್ಲದ, ಚಾಸಿಸ್ ನಂಬರು ಅಳಿಸಿದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡ. ಕಳ್ಳಮಾಲಾಗಿದ್ದರೆ ಪೊಲೀಸರು ಶೆಡ್ಡಿಗೇ ಬರುತ್ತಾರೆ. ತಂದ ಮೇಲೆ, ಆ ಗಾಡಿ ಇನ್ನು ರಸ್ತೆಗೆ ಬರುವುದಿಲ್ಲ ಅಂತ ಆರ್‌ಟಿಒ ಕಚೇರಿಗೆ ಬರೆದುಕೊಟ್ಟು ನೋಂದಣಿ ರದ್ದು ಮಾಡಿಸು.

ಯಾವ ಗಾಡಿ ಅನ್ನುವುದಕ್ಕೆ ನನ್ನ ಉತ್ತರ ಒಂದೇ: ಬಾಡಿ ಬೇರೆ, ಚಾಸಿಸ್ ಬೇರೆ ಇರುವ ಗಾಡಿ. ಹಳೇ ಮಹೀಂದ್ರ ಜೀಪೋ, ಮಾರುತಿ ಜಿಪ್ಸಿಯೋ ಆದೀತು. ಮೇಲಿನದನ್ನು ಬಿಚ್ಚಿಟ್ಟರೆ ಕೆಳಗೆ ಏಣಿಯ ಆಕಾರದ ಗಟ್ಟಿ ಚಾಸಿಸ್ ಉಳಿಯುತ್ತದೆ. ಅಂಬಾಸಿಡರ್, ಪದ್ಮಿನಿ ನೋಡಿದರೆ ಹಳೇ ಕಾಲದವೆಂದು ಆಸೆಯಾಗುತ್ತದೆ. ಆದರೆ ಅವುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಮಾಡು, ಬಾಗಿಲ ಚೌಕಟ್ಟು, ನೆಲದ ತಗಡು ಎಲ್ಲ ಸೇರಿಯೇ ಭಾರ ಹೊರುತ್ತವೆ. ಮೇಲ್ಭಾಗ ಕತ್ತರಿಸಿದ ದಿನವೇ ಗಾಡಿ ನಡುವಿನಲ್ಲಿ ಬಾಗಲು ಶುರು. ಓಮ್ನಿ ವ್ಯಾನೂ ಹಾಗೆಯೇ, ಆದರೆ ಅದರ 796 ಸಿಸಿ ಎಂಜಿನ್ನು, ಗೇರುಪೆಟ್ಟಿಗೆ, ಹಿಂದಿನ ಹೌಸಿಂಗು ಬೇರೆ ಚಾಸಿಸ್ಸಿಗೆ ಒಳ್ಳೆಯ ಸಾಮಾನು. ಕಾರಣ, ಅದು ಹಿಂದಿನ ಚಕ್ರ ತಳ್ಳುವ ಗಾಡಿ, ಹಿಂದೆ ಲೀಫ್ ಸ್ಪ್ರಿಂಗ್ ಪ್ಲೇಟು. ಮಾಡೆಲ್ ಟಿಗಿಂತ ಅದರ ಕಸುವು ಹೆಚ್ಚೇ. ದೊಡ್ಡ ಎಂಜಿನ್ನಿನ ಹಿಂದೆ ಬೀಳಬೇಡ.

ಚಾಸಿಸ್ಸನ್ನು ಮೋಟುಗೊಳಿಸುವುದೋ ಹೊಸದಾಗಿ ಬೆಸೆಯುವುದೋ, ಮೊದಲು ನೆಲ ಮಟ್ಟ ಮಾಡಿಕೋ. ನಾಲ್ಕು ಮೂಲೆಗೆ ಅಡ್ಡಡ್ಡ ಟೇಪು ಹಿಡಿ. ಎರಡು ಕರ್ಣಗಳೂ ಒಂದೇ ಅಳತೆ ಬರಬೇಕು. ಒಂದೇ ಕಡೆಯಿಂದ ಸರಸರನೆ ವೆಲ್ಡಿಂಗ್ ಹೊಡೆದುಕೊಂಡು ಹೋದರೆ ಕಾವಿಗೆ ಕಬ್ಬಿಣ ಎಳೆದು ತಿರುಚುತ್ತದೆ. ಎಲ್ಲ ಕಡೆ ಟ್ಯಾಕ್ ಹಾಕಿ, ಮತ್ತೆ ಅಳೆದು, ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಸ್ವಲ್ಪವೇ ಬೆಸೆಯಬೇಕು. ಪೈಪಿನ ದಪ್ಪ, ಅಡ್ಡಪಟ್ಟಿಗಳ ಜಾಗ ಇವನ್ನು ಅಂದಾಜಿನಲ್ಲಿ ಇಡಬೇಡ. ದುರ್ಗದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರನ್ನು ಹಿಡಿದು ಲೆಕ್ಕ ಹಾಕಿಸು. ಪೂರ್ತಿ ವೆಲ್ಡಿಂಗನ್ನು ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಕೈಲಿ ಮಾಡಿಸು. ನೀನು ಪಕ್ಕದಲ್ಲಿ ನಿಂತು ನೋಡು, ಕಲಿ.

ಆಮೇಲೆ ಬ್ರೇಕು. ಬಾಡಿಯ ಒಂದು ತಗಡೂ ಏರುವ ಮುಂಚೆ ಬ್ರೇಕು ಮುಗಿಯಬೇಕು. ಇದರಲ್ಲಿ ನಾನು ಒಂದಿಂಚೂ ಬಿಡುವುದಿಲ್ಲ. ಎರಡು ಪ್ರತ್ಯೇಕ ಲೈನಿನ ಮಾಸ್ಟರ್ ಸಿಲಿಂಡರ್ ಹಾಕು, ಒಂದು ಲೈನು ಸೋರಿದರೂ ಇನ್ನೊಂದು ಹಿಡಿಯಬೇಕು. ರಬ್ಬರ್ ಹೋಸು, ವೀಲ್ ಸಿಲಿಂಡರ್ ಕಿಟ್ಟು, ಲೈನರ್ ಎಲ್ಲ ಹೊಸದು. ಗುಜರಿಯಿಂದ ತಂದದ್ದನ್ನು ತೊಳೆದು ಹಾಕಬೇಡ. ಇಲ್ಲಿ ಬಹಳ ಜನಕ್ಕೆ ತಿಳಿಯದ ವಿಷಯವೊಂದಿದೆ. ಕಂಪನಿಯವರು ಬ್ರೇಕು ಲೆಕ್ಕ ಹಾಕಿರುವುದು ಆ ಗಾಡಿಯ ಭಾರಕ್ಕೆ, ಆ ಭಾರ ಮುಂದೆ ಹಿಂದೆ ಹಂಚಿಕೆಯಾಗಿರುವ ರೀತಿಗೆ. ನೀನು ಬಾಡಿ ಕಿತ್ತು, ಸೀಟು ಹಿಂದಕ್ಕೆ ತಳ್ಳಿ, ಎಂಜಿನ್ನಿನ ಜಾಗ ಬದಲಿಸಿದೆಯೋ, ಆ ಲೆಕ್ಕ ಕೆಟ್ಟಿತು. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಕಚ್ಚಿಕೊಂಡರೆ ಗಾಡಿಯ ಹಿಂಭಾಗ ಗರ್ರನೆ ತಿರುಗಿ ಮುಂದಕ್ಕೆ ಬರುತ್ತದೆ.

ಅದನ್ನು ನೋಡುವ ಉಪಾಯ ಹೇಳುತ್ತೇನೆ. ಬೆಳೆ ತೆಗೆದ ಗಟ್ಟಿ, ಮಟ್ಟಸ ಹೊಲದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆ. ಬಾಡಿ ಇಲ್ಲದ ಬರೀ ಚಾಸಿಸ್ಸಿಗೆ ಸೀಟು ಬಿಗಿದು, ಬೆಲ್ಟು ಹೆಲ್ಮೆಟ್ಟು ಹಾಕಿಕೊಂಡು, ನಿಧಾನ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಒತ್ತು. ನಿಂತ ಜಾಗಕ್ಕೆ ಅಳತೆ ಹಿಡಿ, ಮಣ್ಣಿನ ಮೇಲೆ ಎಳೆದ ಗುರುತು ಯಾವ ಚಕ್ರದ್ದು, ಎಲ್ಲಿಂದ ಶುರುವಾಗಿದೆ ನೋಡು. ನಾಲ್ಕೂ ಗುರುತು ನೆಟ್ಟಗಿರಬೇಕು, ಹಿಂದಿನವು ಮೊದಲು ಶುರುವಾಗಿರಬಾರದು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟು ಅನ್ನುವುದನ್ನು ಮರೆಯಬೇಡ. 30 ಕಿಲೋಮೀಟರ್ ವೇಗದಲ್ಲಿ 5 ಮೀಟರಿಗೆ ನಿಂತ ಗಾಡಿಗೆ 60ರಲ್ಲಿ 20 ಮೀಟರು ಬೇಕು, ಅದೂ ನಿನ್ನ ಕಾಲು ಬ್ರೇಕಿನ ಮೇಲೆ ಬಿದ್ದ ಮೇಲೆ.

ಸೀಟ್ ಬೆಲ್ಟು, ತಲೆಯ ಹಿಂದೆ ರೋಲ್ ಬಾರ್ ಹಾಕು ಅಂದರೆ ‘ಹಳೇ ಕಾರಿನ ಅಂದ ಕೆಡುತ್ತದೆ’ ಅಂತ ಮುಖ ಸಿಂಡರಿಸುತ್ತೀಯ. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೋಡು. ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷ ಕೋಡಿ ಒಣಗಿಯೇ ಇತ್ತು, ಆದರೂ ಯಾರೂ ಅದನ್ನು ಮುಚ್ಚಲಿಲ್ಲ. ನಿನ್ನ ಬೆಲ್ಟೂ ರೋಲ್ ಬಾರೂ ಹಾಗೆಯೇ ಇರಲಿ.

ಚಕ್ರದ ವಿಷಯದಲ್ಲಿ ನೀನು ಎಡವುತ್ತೀಯ ಅನ್ನುವ ಅನುಮಾನ ನನಗಿದೆ. ಕಡ್ಡಿ ಚಕ್ರ ಬೇಕು ಅಂತ ಬುಲೆಟ್ ಬೈಕಿನ 19 ಇಂಚಿನ ಚಕ್ರ ಹುಡುಕುತ್ತಿದ್ದೀಯಂತೆ. ಬಿಟ್ಟುಬಿಡು. ಬೈಕು ತಿರುವಿನಲ್ಲಿ ವಾಲುತ್ತದೆ. ಭಾರ ಚಕ್ರದ ನೇರಕ್ಕೇ ಬೀಳುತ್ತದೆ. ಅದರ ಕಡ್ಡಿಗಳಿರುವುದು ಆ ನೇರ ಭಾರಕ್ಕೆ. ಕಾರು ವಾಲುವುದಿಲ್ಲ, ತಿರುವಿನಲ್ಲಿ ಅಷ್ಟೂ ಒತ್ತಡ ಪಕ್ಕದಿಂದ ಬರುತ್ತದೆ. ಒಂದು ಗಟ್ಟಿ ತಿರುವಿಗೆ ಬುಲೆಟ್ಟಿನ ಚಕ್ರ ಬಟ್ಟಲಿನ ಹಾಗೆ ಮಡಚಿಕೊಂಡರೆ ಆಶ್ಚರ್ಯವಿಲ್ಲ. ಹಳೇ ರೂಪ ಬೇಕಾದರೆ ಜೀಪಿನ 16 ಇಂಚಿನ ಡಿಸ್ಕು, ಅದಕ್ಕೆ ತೆಳ್ಳಗಿನ 6.00-16 ಟೈರು ಹಾಕು. ಎತ್ತರವಾಗಿ, ಸಪೂರವಾಗಿ, ಹಳೇ ಕಾಲದ ಕಳೆ ಅದಕ್ಕೇ ಬರುತ್ತದೆ. ಮೂಲ ಚಕ್ರಕ್ಕಿಂತ ಎತ್ತರದ ಚಕ್ರ ಹಾಕಿದರೆ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಪೆಟ್ರೋಲ್ ಟ್ಯಾಂಕು ನಿನ್ನ ಬೆನ್ನ ಹಿಂದೆಯೇ ಬರುತ್ತದೆ. ಸೀಟಿಗೂ ಟ್ಯಾಂಕಿಗೂ ನಡುವೆ ಗಟ್ಟಿ ತಗಡಿನ ಗೋಡೆ ಇರಲಿ, ಸೈಲೆನ್ಸರ್ ಪೈಪು ಅದರ ಹತ್ತಿರ ಸುಳಿಯಬಾರದು. ಹಳೇ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಬೇಡ. ಪೆಟ್ರೋಲು ಖಾಲಿಯಾಗಿ ವರ್ಷವಾಗಿದ್ದರೂ ಒಳಗೆ ಆವಿ ಇರುತ್ತದೆ, ಒಂದು ಕಿಡಿ ಸಾಕು ಟ್ಯಾಂಕು ಸಿಡಿಯುವುದಕ್ಕೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ.

ಶೆಡ್ಡಿನ ಶಿಸ್ತು ನಿಮ್ಮಮ್ಮನೂ ಕೇಳಿಸಿಕೊಳ್ಳಲಿ. ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಕೆಳಗೆ ನುಗ್ಗುವ ಮುಂಚೆ ಕಬ್ಬಿಣದ ಸ್ಟ್ಯಾಂಡು ಕೊಡು. ಇಟ್ಟಿಗೆ, ಸೈಜುಗಲ್ಲು ಕೊಡಬೇಡ, ಅವು ಹೇಳದೆ ಕೇಳದೆ ಸೀಳುತ್ತವೆ. ಬಾಗಿಲು ಹಾಕಿಕೊಂಡು ಎಂಜಿನ್ ಚಾಲೂ ಮಾಡಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಅನಿಸುವುದಿಲ್ಲ, ರಾತ್ರಿ ಕಣ್ಣು ಉರಿದು ನೀರು ಸುರಿಯುತ್ತದೆ. ಜಿಐ ಪೈಪಿಗೆ ವೆಲ್ಡಿಂಗ್ ಹೊಡೆದರೆ ಸತುವಿನ ಹೊಗೆಗೆ ಜ್ವರ ಬರುತ್ತದೆ. ಹಳೇ ಬ್ರೇಕ್ ಲೈನರಿನ ದೂಳನ್ನು ಊದಬೇಡ, ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆ. ಅಡಿಕೆ ಸಿಪ್ಪೆ ಶೆಡ್ಡಿನಲ್ಲಿ ಉಳಿದಿದ್ದರೆ ಮೊದಲು ಅದನ್ನು ಹೊರಗೆ ಸಾಗಿಸು. ಬೆಂಕಿ ಆರಿಸುವ ಸಿಲಿಂಡರು ಕೈಗೆ ಸಿಗುವ ಕಡೆ ನೇತುಹಾಕು.

ಇಷ್ಟಾದ ಮೇಲೆ ಬಾಡಿ. ಇಲ್ಲಿ ನಿನಗೆ ಬೇಕಾದ ಗುರುಗಳು ಫೋನಿನಲ್ಲಿ ಇಲ್ಲ, ನಮ್ಮ ಊರುಗಳ ಟಿಂಕರ್ ಶೆಡ್ಡುಗಳಲ್ಲಿ ಇದ್ದಾರೆ. ಬಾನೆಟ್ಟಿನ ಹಿಂದೆ, ಡ್ಯಾಶಿಗಿಂತ ಮುಂದೆ, ಒಂದು ಬಾಗು ಬರುತ್ತದಲ್ಲ, ಮುಂದೆ ಕಿರಿದಾಗಿ ಹಿಂದೆ ಅಗಲವಾಗಿ, ಮೇಲೂ ದುಂಡಾಗಿ. ಸ್ಪೀಡ್‌ಸ್ಟರಿನ ಮುಖಲಕ್ಷಣವೆಲ್ಲ ಅದರಲ್ಲೇ ಇದೆ. ಅದನ್ನು ತಗಡು ಮಡಚುವ ಮೆಷೀನು ಕೊಡುವುದಿಲ್ಲ. ಹಳೇ ಟಿಂಕರ್ ಮೇಸ್ತ್ರಿ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸುತ್ತಾನೆ. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ತಟ್ಟುತ್ತಾ ಬರುತ್ತಾನೆ. ಏಟಿನ ಸದ್ದು ಮಂದವಿದ್ದರೆ ತಗಡು ಇನ್ನೂ ಬಗ್ಗುತ್ತಿದೆ. ಖಣ್ ಎಂದು ಬಿಗಿಯಾದರೆ ನಿಲ್ಲಿಸಿ ಕಾಯಿಸುತ್ತಾನೆ. ಕೊನೆಗೆ ಒಂದು ತೆಳು ಬಟ್ಟೆಯನ್ನು ಅಂಗೈ ಕೆಳಗೆ ಹಿಡಿದು ತಗಡಿನ ಮೇಲೆ ಆಡಿಸುತ್ತಾನೆ. ಬರಿಗೈಗೆ ಗೊತ್ತಾಗದ ಗುಳಿ ಬಟ್ಟೆ ಇದ್ದರೆ ಗೊತ್ತಾಗುತ್ತದೆ. ಈ ಕೈಗಳು ಈಗ ಕಡಿಮೆಯಾಗುತ್ತಿವೆ. ಬಂಪರು ಕೆಟ್ಟರೆ ಹೊಸದು ತಂದು ಬಿಗಿಯುವುದೇ ಕೆಲಸ ಅಂತಾಗಿದೆ. ಅವರ ಹತ್ತಿರ ಹೋಗು. ಕೂಲಿಗೆ ಚೌಕಾಸಿ ಮಾಡಬೇಡ. ಅವರು ಊಟಕ್ಕೆ ಕೂತಾಗ ನೀನೂ ಪಕ್ಕದಲ್ಲಿ ಕೂತುಕೋ, ಕೆಲಸದ ಹೊತ್ತಿನಲ್ಲಿ ಹೇಳದ್ದನ್ನು ಆಗ ಹೇಳುತ್ತಾರೆ. ಒಳಗಿನ ಮರದ ಚೌಕಟ್ಟಿಗೆ ಗಾಡಿ ಮಾಡುತ್ತಿದ್ದ ಬಡಗಿ ಮನೆತನದವರು ಸಿಕ್ಕರೆ ನಿನ್ನ ಪುಣ್ಯ. ಮರ ಯಾವ ಕಡೆಗೆ ಬಿರಿಯುತ್ತದೆ ಅನ್ನುವುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಪಟ್ಟಿ ಮೆತ್ತಿ ತಪ್ಪು ಮುಚ್ಚಬೇಡ. ದಪ್ಪ ಪಟ್ಟಿ ನಮ್ಮ ದುರ್ಗದ ಬಿಸಿಲಿಗೆ ಎರಡು ಬೇಸಿಗೆಯೂ ತಡೆಯದೆ ಬಿರುಕು ಬಿಡುತ್ತದೆ. ಆ ಬಿಸಿಲಿಗಾಗಿಯೇ ರೇಡಿಯೇಟರಿನ ಮುಂದೆ ಗಾಳಿಗೆ ಧಾರಾಳ ಜಾಗ ಬಿಡು. ಹಳೇ ಕಾರಿನ ಚೆಂದಕ್ಕೆಂದು ಮೂತಿ ಕಿರಿದು ಮಾಡಿದರೆ ಎಂಜಿನ್ ಕುದಿಯುತ್ತದೆ.

ದುಡ್ಡಿನ ಮಾತು ಜಾಸ್ತಿ ಆಡುವುದಿಲ್ಲ. ಒಂದು ನೋಟುಬುಕ್ಕು ಇಡು, ಎಡಗಡೆ ಖರ್ಚು, ಬಲಗಡೆ ಅಳತೆ ಬರಿ. ಸಾಲ ಮಾಡಿ ಕಟ್ಟಬೇಡ, ಕೈಯಲ್ಲಿ ಇದ್ದಷ್ಟಕ್ಕೆ ಕೆಲಸ ನಿಲ್ಲಿಸು, ಅಡಿಕೆ ದುಡ್ಡು ಬಂದಾಗ ಮುಂದುವರಿಸು. ನಿನ್ನ ತಂಗಿಗೆ ಲೆಕ್ಕವೂ ಚಿತ್ರವೂ ಚೆನ್ನಾಗಿ ಬರುತ್ತದೆ. ಅವಳನ್ನು ಟಾರ್ಚು ಹಿಡಿಯುವುದಕ್ಕೆ ನಿಲ್ಲಿಸಬೇಡ, ಡ್ರಾಯಿಂಗ್ ಅವಳ ಕೈಗೆ ಕೊಡು. ನಾಳೆ ಅವಳು ಎಂಜಿನಿಯರಿಂಗ್ ಸೇರಿದರೆ ಕಾಲೇಜು ತಂಡದ ಜೊತೆ 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೋ, ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಆಗುವ ಫಾರ್ಮುಲಾ ಭಾರತ್‌ಗೋ ಹೋಗಬಹುದು. ಅಲ್ಲಿ ಹುಡುಗರು ಹುಡುಗಿಯರು ಕಟ್ಟಿದ ಗಾಡಿಯನ್ನು ಜಡ್ಜುಗಳು ಬೋಲ್ಟು ಬೋಲ್ಟು ಪರೀಕ್ಷಿಸಿ, ಬ್ರೇಕು ಸರಿ ಇಲ್ಲದಿದ್ದರೆ ಟ್ರ್ಯಾಕಿಗೇ ಬಿಡುವುದಿಲ್ಲ. ನಿನ್ನ ಶೆಡ್ಡಿನಲ್ಲೂ ಆ ಕಟ್ಟುನಿಟ್ಟು ಬರಲಿ.

ಹದಿನೆಂಟು ತುಂಬದ ಹುಡುಗರಿಗೆ ಬೇಲಿಯೊಳಗೂ ಸ್ಟೀರಿಂಗ್ ಕೊಡಬೇಡ, ಅವರು ಎಷ್ಟೇ ಗೋಗರೆಯಲಿ. ಓಡಿಸುವ ದಿನ ಹೊಲದಲ್ಲಿ ದನ, ನಾಯಿ, ಮಕ್ಕಳು ಇಲ್ಲದ ಹಾಗೆ ಒಬ್ಬರನ್ನು ಕಾವಲಿಗೆ ನಿಲ್ಲಿಸು.

ಈಗ ನೀನು ಮಾಡಬೇಕಾದದ್ದು ಇಷ್ಟು. ಹಿರಿಯೂರಿನ ಗುಜರಿಯಲ್ಲಿ ನೋಡಿ ಬಂದಿದ್ದೀನಿ ಅಂದೆಯಲ್ಲ, ಆ ಜೀಪಿಗೆ ಮುಂಗಡ ಕೊಡಬೇಡ. ಅದರ ಆರ್‌ಸಿಯ ನಕಲು, ಚಾಸಿಸ್ ನಂಬರಿನ ಫೋಟೊ, ನಿನ್ನ ತಂಗಿ ಬರೆದ ಡ್ರಾಯಿಂಗ್, ಈ ಮೂರನ್ನೂ ತೆಗೆದುಕೊಂಡು ಭಾನುವಾರ ದುರ್ಗಕ್ಕೆ ಬಾ. ಕಾಗದ ಸರಿ ಇದ್ದರೆ ನಾನೇ ನಿನ್ನ ಜೊತೆ ಹಿರಿಯೂರಿಗೆ ಬಂದು, ಜೀಪಿನ ಅಡಿಗೆ ಮಲಗಿ ಚಾಸಿಸ್ ತಟ್ಟಿ ನೋಡುತ್ತೇನೆ. ಕಾಗದ ಸರಿ ಇಲ್ಲದಿದ್ದರೆ ಬೇರೆ ಜೀಪು ಹುಡುಕೋಣ.